ಕಂಪ್ಯೂಟರ್ ತೋರಿಸಿದ ಸುಳ್ಳು ತಾರೀಖು

ವಿಮಲಾ ಅವರೇ, ಆ ದಿನ ಕಂಪ್ಯೂಟರಿನ ಸ್ವಿಚ್ ಆಫ್ ಮಾಡಿದ್ದು ನಾನು. ಕೈತಪ್ಪಿ ಅಲ್ಲ — ಬೇಕೆಂದೇ. ಅದರಿಂದ ನಿಮ್ಮ ಕೆಲಸ ಹೋಯಿತು, ನನ್ನದು ಉಳಿಯಿತು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನೆನೆದರೆ ಮೈಯೆಲ್ಲ ಉರಿಯುತ್ತದೆ. ಇರಲಿ, ನನ್ನ ಮೇಲೆ ನಾನು ಸಿಟ್ಟಾದರೆ ನಿಮಗೇನು ಬಂತು.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಆ ಪಂಪಿನ ಬಿಡಿಭಾಗದ ಕಾರ್ಖಾನೆಯನ್ನು ನೀವು ಮರೆತಿರಲಾರಿರಿ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಡೀ ಆಫೀಸಿಗೆ ಒಂದೇ ಕಂಪ್ಯೂಟರು. ಅದಕ್ಕೊಂದು ಏಸಿ ರೂಮು, ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಶುಕ್ರವಾರ ಅದರ ಹಣೆಗೆ ಕುಂಕುಮ. ಕುರುಬರಹಳ್ಳಿಯಿಂದ ನಡೆದು ಬರುತ್ತಿದ್ದ ನೀವು ಟೆಂಪರರಿ ಟೈಪಿಸ್ಟ್. ಆರು ತಿಂಗಳ ಕೋರ್ಸು ಮುಗಿಸಿ ಬಂದಿದ್ದ ನಾನು ಪ್ರೋಗ್ರಾಮರ್ — ಆ ಪದವನ್ನು ಮದುವೆಯ ಕರೆಯೋಲೆಯಲ್ಲೂ ಹಾಕಿಸಿಕೊಂಡವನು. ಯುಗಾದಿ ಕಳೆಯಲಿ, ಪರ್ಮನೆಂಟ್ ಮಾಡೋಣ ಎಂದು ಯಜಮಾನರು ನಿಮಗೆ ಮಾತು ಕೊಟ್ಟಿದ್ದರು. ಅದನ್ನು ನೀವು ಎಷ್ಟು ನಂಬಿಕೊಂಡಿದ್ದಿರಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಟೆಂಡರಿನ ವಿಷಯದಲ್ಲಿ ಯಜಮಾನರಿಗೆ ಒಂದು ಹುಚ್ಚು. ಮೊದಲೇ ಹಾಕಿದರೆ ರೇಟು ಹೊರಗೆ ಬೀಳುತ್ತದೆ ಎಂದು, ಸೀಲ್ ಮಾಡಿದ ಕವರನ್ನು ಬೀರುವಿನಲ್ಲಿಟ್ಟು ಕೊನೆಯ ದಿನವೇ ಟೆಂಡರ್ ಕರೆದ ಕಚೇರಿಯ ಡಬ್ಬಿಗೆ ಹಾಕಿಸುತ್ತಿದ್ದರು. ಆ ಕೊನೆಯ ದಿನಗಳನ್ನೆಲ್ಲ ನೀವು ಒಂದು ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರೆದಿಡುತ್ತಿದ್ದಿರಿ. ಒಂದೂ ತಪ್ಪಿರಲಿಲ್ಲ. ಆದರೂ ನನಗೆ ಸುಮ್ಮನಿರಲಾಗಲಿಲ್ಲ. ಒಂದು ಪ್ರೋಗ್ರಾಮು ಬರೆದೆ. ಮೇಲೆ ನೀವು ಯಾವ ಕೆಲಸ ಮಾಡುತ್ತಿದ್ದರೂ ಅದು ಒಳಗೆ ಸದ್ದಿಲ್ಲದೆ ಕೂತಿದ್ದು, ಹೊತ್ತಿಗೆ ಸರಿಯಾಗಿ ಕೀ ಎಂದು ಕೂಗಿ, ಪರದೆಯ ತುದಿಯಲ್ಲಿ ಒಂದು ಸಾಲು ತೋರಿಸಬೇಕು. ಯಜಮಾನರು ಹಿಗ್ಗಿ ಹೀರೆಕಾಯಿಯಾದರು.

"ಇನ್ನು ಡೈರಿ ಯಾಕೆ ಮೇಡಂ, ಇದೇ ಕೂಗುತ್ತೆ ಬಿಡಿ" ಎಂದೆ ನಾನು. ನೀವು ಡೈರಿ ಬರೆಯುವುದನ್ನು ಬಿಟ್ಟಿರಿ.

ಆ ಯಂತ್ರಕ್ಕೆ ಒಂದು ದೌರ್ಬಲ್ಯವಿತ್ತು. ಕರೆಂಟು ಹೋದರೆ ತಾರೀಖು ಮರೆತುಬಿಡುತ್ತಿತ್ತು. ದಿನಾ ಬೆಳಗ್ಗೆ ಅದು ತಾರೀಖು, ಟೈಮು ಕೇಳಬೇಕು, ನೀವು ಗೋಡೆಯ ಕ್ಯಾಲೆಂಡರ್ ನೋಡಿ, ಕೈಗಡಿಯಾರ ನೋಡಿ ಹೊಡೆಯಬೇಕು. ಹೊಡೆಯುತ್ತಿದ್ದಿರಿ, ಒಂದು ದಿನವೂ ಬಿಡದೆ.

ಆಮೇಲೆ ಶುರುವಾಯಿತು ಕಾಟ. ನೀವು ಪತ್ರ ಟೈಪ್ ಮಾಡುವ ಪ್ರೋಗ್ರಾಮಿಗೂ ನನ್ನದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ನೀವು ಫ್ಲಾಪಿಗೆ ಪತ್ರ ಉಳಿಸುವ ಹೊತ್ತಿಗೇ ನನ್ನದು ಕೂಗಿದರೆ ಎರಡೂ ಮರಗಟ್ಟಿ ನಿಲ್ಲುತ್ತಿದ್ದವು. ಯಾವ ಕೀ ಒತ್ತಿದರೂ ಅಲುಗಾಡುತ್ತಿರಲಿಲ್ಲ. "ಸಾರ್, ಮತ್ತೆ ನಿಂತೋಯ್ತು. ಮೂರು ಪೇಜ್ ಹೋಯ್ತು ಸಾರ್" ಎಂದು ನೀವು ಬಾಗಿಲಿಗೆ ಬಂದರೆ ನನಗೆ ನಿಮ್ಮ ಮೇಲೇ ರೇಗುತ್ತಿತ್ತು. ಎರಡು ವಾರ ತಲೆ ಚಚ್ಚಿಕೊಂಡೆ. ಕಾರಣ ತಿಳಿಯಲಿಲ್ಲ, ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆ. ಕೊನೆಗೆ ಒಂದು ಅಡ್ಡದಾರಿ ಹಿಡಿದೆ: ಪತ್ರದ ಪ್ರೋಗ್ರಾಮು ತೆರೆದಿರುವಷ್ಟು ಹೊತ್ತು ನನ್ನದು ಬಾಯಿ ಮುಚ್ಚಿಕೊಂಡಿರಬೇಕು, ಅದನ್ನು ಮುಚ್ಚಿದ ಮೇಲೆ ಕೂಗಬೇಕು. ಯಂತ್ರ ನಿಲ್ಲುವುದು ತಪ್ಪಿತು. ಸರಿಹೋಯಿತು ಎಂದು ಎಲ್ಲರಿಗೂ ಹೇಳಿದೆ. ಏನು ಮಾಡಿ ಸರಿಹೋಯಿತು ಎಂದು ಯಾರಿಗೂ ಹೇಳಲಿಲ್ಲ, ನಿಮಗೂ.

ಆದರೆ ನೀವು ಅದನ್ನು ಮುಚ್ಚುತ್ತಿದ್ದದ್ದು ಯಾವಾಗ? ಫ್ಲಾಪಿಯಿಂದ ಅದು ಏಳುವುದಕ್ಕೇ ಒಂದು ಯುಗ ಹಿಡಿಯುತ್ತಿತ್ತು. ಬೆಳಗ್ಗೆ ಒಮ್ಮೆ ತೆರೆದರೆ ಸಂಜೆಯವರೆಗೂ ಅದೇ. ಸಂಜೆ ಪತ್ರ ಉಳಿಸಿ, ಸೀದಾ ಸ್ವಿಚ್ ಆಫ್. ಒಳಗೆ ಕಾದು ಕೂತಿದ್ದ ಸೂಚನೆ ಕರೆಂಟಿನ ಜೊತೆಗೇ ಸಾಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕೂತು ದಿನವೂ ನೋಡುತ್ತಿದ್ದ ನನಗೆ ಇದು ತಿಳಿಯದ ವಿಷಯವೇ? ಆಮೇಲೆ ನೋಡಿದರಾಯಿತು ಎಂದುಕೊಂಡೆ. ಆಮೇಲೆ, ಆಮೇಲೆ — ಆ ಪದವನ್ನು ಕಂಡರೇ ಈಗ ನನಗೆ ಆಗುವುದಿಲ್ಲ.

ಆ ದಿನ ಯಜಮಾನರು ಬೆಳಗ್ಗೆಯೇ ತುಮಕೂರಿಗೆ ಹೋಗಿದ್ದರು. ವರ್ಷದ ದೊಡ್ಡ ಟೆಂಡರು. ಮಧ್ಯಾಹ್ನ ಮೂರರೊಳಗೆ ಕವರ್ ಡಬ್ಬಿಯಲ್ಲಿರಬೇಕು. ಬೆಳಗ್ಗೆ ಹತ್ತಕ್ಕೆ ನನ್ನ ಪ್ರೋಗ್ರಾಮು ಕೂಗಬೇಕಿತ್ತು. ನಾಲ್ಕು ಗಂಟೆಗೆ ಅವರು ವಾಪಸು ಬಂದು ಕವರ್ ಹಾಕಿಸಿದ್ರಾ ಎಂದು ಕೇಳಿದಾಗ ನೀವು ಬೀರುವಿನ ಕಡೆ ತಿರುಗಿ ನೋಡಿದಿರಿ.

"ಸಾರ್... ಅದು ಕೂಗ್ಲೇ ಇಲ್ಲ ಸಾರ್."

ನಿಮ್ಮನ್ನು ತಮ್ಮ ರೂಮಿನಲ್ಲೇ ನಿಲ್ಲಿಸಿಕೊಂಡು, ಯಾಕೆ ಕೂಗಲಿಲ್ಲ ನೋಡಿ ಬನ್ನಿ ಎಂದು ನನ್ನನ್ನು ಕಳಿಸಿದರು. ನಾನೊಬ್ಬನೇ ಒಳಗೆ ಹೋದೆ. ನಿಮ್ಮ ಪತ್ರ ಅರ್ಧಕ್ಕೆ ನಿಂತಿತ್ತು. ಅದನ್ನು ಉಳಿಸಿ ಮುಚ್ಚಿದೆ. ಮುಚ್ಚಿದ್ದೇ ತಡ — ಕೀ ಎಂದಿತು. ಟೆಂಡರು, ಇವತ್ತೇ ಕೊನೆ ಎನ್ನುವ ಸಾಲು ಮೇಲೆ ಬಂತು, ಆರು ಗಂಟೆ ತಡವಾಗಿ. ತಾರೀಖು ನೋಡಿದೆ. ಸರಿಯಾಗಿತ್ತು. ಟೈಮೂ ಸರಿಯಾಗಿತ್ತು.

ಸಾರ್, ಇಲ್ಲಿ ಬನ್ನಿ, ತಪ್ಪು ನನ್ನದು ಎಂದು ಕೂಗಿದ್ದರೆ ಮುಗಿದುಹೋಗುತ್ತಿತ್ತು. ಕೈ ತಾನಾಗಿ ಹೋಯಿತು, ಗಾಬರಿಯಲ್ಲಿ ಆಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೊರಗೆ ಯಜಮಾನರ ಹೆಜ್ಜೆ ಸದ್ದು ಕೇಳಿತು. ಬಾಗಿಲಿನ ಕಡೆ ನೋಡಿ, ಲೆಕ್ಕ ಹಾಕಿ, ಸ್ವಿಚ್ ಆಫ್ ಮಾಡಿದೆ. ಮತ್ತೆ ಆನ್ ಮಾಡಿದೆ. ಅವರು ಒಳಗೆ ಬರುವ ಹೊತ್ತಿಗೆ ಯಂತ್ರ ಎಲ್ಲ ಮರೆತು, ತಾರೀಖು ಗೊತ್ತಿಲ್ಲದಾಗ ತೋರಿಸುವ ಒಂದನೇ ಜನವರಿ, ಸಾವಿರದ ಒಂಬೈನೂರ ಎಂಬತ್ತನ್ನು ತೋರಿಸುತ್ತ ನಿಂತಿತ್ತು.

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಈಯಮ್ಮ ತಾರೀಖೇ ಹಾಕಿಲ್ವಲ್ರೀ!"

"ಹಾಕಿದ್ರೆ ಕೂಗೇ ಕೂಗ್ತಿತ್ತು ಸಾರ್" ಎಂದೆ.

ಅವರ ಹಿಂದೆ ನೀವು ನಿಂತಿದ್ದಿರಿ. "ದಿನಾ ಹಾಕ್ತೀನಲ್ವಾ ಸಾರ್, ನೀವೇ ಹೇಳಿ ಸಾರ್" ಎಂದು ನನ್ನತ್ತ ನೋಡಿದಿರಿ. ಕುಂಬಳಕಾಯಿ ಕಳ್ಳ ಹೆಗಲನ್ನಾದರೂ ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ. ಕೀಬೋರ್ಡಿನ ಧೂಳು ಒರೆಸುತ್ತ ಕೂತೆ. ಮರುದಿನದಿಂದ ನೀವು ಬರಲಿಲ್ಲ.

ಪ್ರೋಗ್ರಾಮನ್ನು ಆಮೇಲೆ ಸರಿಮಾಡಿದೆ. ಕೂಗಬೇಕಾದದ್ದನ್ನು ಫ್ಲಾಪಿಯಲ್ಲಿ ಬರೆದಿಟ್ಟು, ಕರೆಂಟು ಹೋಗಿ ಬಂದರೂ ಮರೆಯದಂತೆ ಮಾಡಿದೆ. ಎಷ್ಟು ದಿನ ಹಿಡಿಯಿತು ಗೊತ್ತೇ? ನಾಲ್ಕು. ನಾಲ್ಕೇ ದಿನ! ಮನುಷ್ಯರು ಮರೆತರೂ ಇದು ಮರೆಯಲ್ಲ ನೋಡಿ ಎಂದು ಯಜಮಾನರು ಬಂದವರಿಗೆಲ್ಲ ತೋರಿಸುತ್ತಿದ್ದರು. ಮರೆತವರು ಯಾರು ಎಂದು ಬಂದವರು ಕೇಳಿದರೆ ನಿಮ್ಮ ಕಥೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಒಂದೆರಡು ವರ್ಷ ಕಳೆದ ಮೇಲೆ ವಿಜಯನಗರದ ಮಾರ್ಕೆಟ್ಟಿನಲ್ಲಿ ನೀವೇ ನನ್ನನ್ನು ಗುರುತು ಹಿಡಿದು ಮಾತಾಡಿಸಿದಿರಿ. ಮನೆಯಲ್ಲಿ ಹೊಲಿಗೆ ಹಾಕಿಕೊಂಡಿದ್ದೇನೆ ಎಂದಿರಿ. ಇನ್ನೊಂದು ಆಫೀಸಿನಲ್ಲಿ ಕರೆದಿದ್ದರಂತೆ, ಹೆದರಿ ಹೋಗಲಿಲ್ಲವಂತೆ. ಆಮೇಲೆ, ನಾನು ಕೇಳದೆಯೇ ಹೇಳಿದಿರಿ:

"ಆವತ್ತು ನಾನೇ ಮರೆತಿರ್ಬೇಕು ಸಾರ್. ಹಾಕಿದ ಹಾಗೇ ನೆನಪು. ಆದ್ರೆ ಸ್ಕ್ರೀನ್ ಮೇಲೆ ಇರ್ಲಿಲ್ವಲ್ಲ... ನನ್ನಿಂದ ನಿಮಗೂ ಕೆಟ್ಟ ಹೆಸರು ಬರ್ತಿತ್ತು. ಬೇಜಾರು ಮಾಡ್ಕೋಬೇಡಿ."

"ಹೋಗ್ಲಿ ಬಿಡಿ ಮೇಡಂ" ಎಂದೆ ನಾನು.

ಕ್ಷಮಿಸಿಬಿಟ್ಟೆ, ನಿಮ್ಮನ್ನು! ಕೆಲಸ ಕಿತ್ತುಕೊಂಡದ್ದಕ್ಕಿಂತ ಅದೇ ನನಗೆ ಹೆಚ್ಚು ಅಸಹ್ಯ. ನಿಮ್ಮ ಕೈಯ ಮೇಲೆ ನಿಮಗಿದ್ದ ನಂಬಿಕೆಯನ್ನೇ ನಾನು ತೆಗೆದುಬಿಟ್ಟಿದ್ದೆ. ಅದು ಎದುರಿಗೆ ಕಾಣುತ್ತಿದ್ದರೂ ಸೊಪ್ಪಿನ ಚೀಲ ಹಿಡಿದು ಮನೆಗೆ ಬಂದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಕುರುಬರಹಳ್ಳಿಗೆ ನಾನೇ ತರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಕಿಟಕಿಯಲ್ಲಿಟ್ಟು ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ಆ ಭಾರವನ್ನೂ ನಿಮ್ಮ ಮೇಲೆ ಹಾಕಲಾರೆ. ಒಂದು ಮಾತು ನಿಮಗೆ ಗೊತ್ತಾದರೆ ಸಾಕು. ಆ ದಿನ ನೀವು ತಾರೀಖು ಸರಿಯಾಗಿಯೇ ಹಾಕಿದ್ದಿರಿ. ನಾನು ಕಣ್ಣಾರೆ ನೋಡಿದ್ದೆ.