ಅಣ್ಣನ ತಿಥಿ

ಅನ್ನ, ಅಕ್ಷರ ಮತ್ತು ನನ್ನ ಮೂರ್ಖತನವನ್ನು ತಾಳಿಕೊಳ್ಳುವ ಜನ, ಈ ಮೂರನ್ನೂ ಧಾರಾಳವಾಗಿ ಕೊಟ್ಟ ಭಗವಂತನಿಗೆ ಮೊದಲು ನಮಸ್ಕಾರ. ಅಕ್ಷರ ಕಲಿಸಿದ ಗುರುಗಳಿಗೆ ನಮಸ್ಕಾರ. ಆ ಅಕ್ಷರವನ್ನು ನಾನು ಎಲ್ಲೆಲ್ಲಿ ಬಳಸಿದೆನೆಂಬುದು ಅವರಿಗೆ ತಿಳಿಯದೆ ಹೋದದ್ದಕ್ಕೆ ಇನ್ನೊಂದು ನಮಸ್ಕಾರ.

ಈ ಸಲದ ಪಿತೃಪಕ್ಷದಲ್ಲಿ, ಜಮಖಂಡಿಯ ನಮ್ಮ ಮನೆಯ ಕಪಾಟಿನಿಂದ ಶ್ರಾದ್ಧವಿಧಿಯ ಪುಸ್ತಕ ತೆಗೆದಾಗ ಅದರೊಳಗಿಂದ ಹಳದಿಗಟ್ಟಿದ ಕಾಗದವೊಂದು ಜಾರಿತು. ಬಿಡಿಸಿದರೆ ನನ್ನದೇ ಕೈಬರಹ. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ವಾಯುಪಡೆಯ ಅಧಿಕಾರಿಯೊಬ್ಬರಿಗೆ ಬರೆದ ಪತ್ರದ ಕರಡು. ಓದುಗ ಮಿತ್ರರೇ, ಕೋಣೆಯಲ್ಲಿ ನಾನೊಬ್ಬನೇ ಇದ್ದರೂ ಮುಖ ಮುಚ್ಚಿಕೊಂಡೆ.

ನನ್ನ ಅಣ್ಣ ವಾಯುಪಡೆಯಲ್ಲಿದ್ದ. ವಿಮಾನ ನಡೆಸುವವನಲ್ಲ, ನಕಾಶೆ ನೋಡಿ ದಾರಿ ಹೇಳುವವನು. ಇದನ್ನು ಕೇಳಿ ಊರಿನವರು ನಕ್ಕದ್ದುಂಟು. ಏಕೆಂದರೆ ಹುಡುಗನಾಗಿದ್ದಾಗ ಅವನು ಮುಧೋಳಕ್ಕೆಂದು ಹೊರಟು ಬೀಳಗಿಯ ಬಸ್ಸು ಹತ್ತಿ, ಬೀಳಗಿಯನ್ನೂ ದಾಟಿ ಅನಗವಾಡಿಯವರೆಗೆ ಹೋಗಿಬಂದವನು. "ಹೊಳಿ ಛಲೋ ಕಾಣ್ತಿತ್ತು, ಇಳೀಲಿಲ್ಲ" ಎಂದು ಅಪ್ಪನಿಗೆ ಉತ್ತರ ಕೊಟ್ಟಿದ್ದ.

ಎಪ್ಪತ್ತೊಂದರ ಯುದ್ಧದಲ್ಲಿ ಅವನಿದ್ದ ವಿಮಾನ ಮರಳಲಿಲ್ಲ. ಮೊದಲು ಕಾಣೆಯೆಂದು ತಂತಿ ಬಂತು. ತಿಂಗಳುಗಳ ಮೇಲೆ, ಮೃತರೆಂದು ಭಾವಿಸಲಾಗಿದೆ ಎಂಬ ಪತ್ರ. ಅತ್ತಿಗೆಗೆ, ನಮ್ಮ ಕಡೆ ವೈನಿ ಎನ್ನುತ್ತೇವೆ, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ.

ನಾನು ಆಗಷ್ಟೇ ಸಂಸ್ಕೃತ ಪಾಠಶಾಲೆ ಮುಗಿಸಿ ಬಂದಿದ್ದೆ. ಮನೆಯೆಲ್ಲ ಅಳುತ್ತಿದ್ದಾಗ ನನಗೆ ಹೊಳೆದದ್ದು ಒಂದು ಶಾಸ್ತ್ರಪ್ರಶ್ನೆ. ಶಸ್ತ್ರದಿಂದ ಸತ್ತವರಿಗೆ ಪಿತೃಪಕ್ಷದ ಚತುರ್ದಶಿ ವಿಹಿತ. ಆದರೆ ಅಣ್ಣನ ವಿಮಾನ ಗುಂಡು ತಗುಲಿ ಬಿತ್ತೋ, ಮೋಡದಲ್ಲಿ ಗುಡ್ಡಕ್ಕೆ ತಾಗಿ ಬಿತ್ತೋ? ಗುಡ್ಡ ಶಸ್ತ್ರವಲ್ಲ. ಈ ಸೂಕ್ಷ್ಮವನ್ನು ಕಂಡುಹಿಡಿದ ಸಂಭ್ರಮದಲ್ಲಿ ಅಳುವುದನ್ನೇ ಮರೆತೆ. ಅಧಿಕಾರಿಗೆ ಇಂಗ್ಲಿಷಿನಲ್ಲಿ, ಸಂಸ್ಕೃತದ ಸಮಾಸಗಳಷ್ಟು ಉದ್ದದ ವಾಕ್ಯಗಳಲ್ಲಿ ಬರೆದೆ: ತಿಥಿನಿರ್ಣಯದ ಸಲುವಾಗಿ ಮರಣದ ಕಾರಣವನ್ನು ದಯವಿಟ್ಟು ಖಚಿತಪಡಿಸಬೇಕು.

ಆ ಪುಣ್ಯಾತ್ಮರು ಉತ್ತರ ಬರೆದರು. "ನಮಗೂ ತಿಳಿಯದು. ತನ್ನ ತಮ್ಮನಿಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ನಿಮ್ಮ ಅಣ್ಣ ಇಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಿಮಗೆ ಏನಾದರೂ ತಿಳಿದರೆ ನಮಗೂ ಬರೆಯಿರಿ."

ಆ ದಿನ ನಾನು ಅತ್ತುಬಿಟ್ಟೆ. ಆದರೂ ಪಾಂಡಿತ್ಯ ಅಷ್ಟಕ್ಕೇ ಬಿಡುವ ವ್ಯಾಧಿಯಲ್ಲ. ಸಂದೇಹವಿದ್ದರೂ ಚತುರ್ದಶಿಯೇ ಇರಲಿ ಎಂದು ನಿರ್ಣಯಿಸಿ ವೈನಿಯ ಮುಂದೆ ನಿಂತೆ. ಬದನೆಕಾಯಿ ಹೆಚ್ಚುತ್ತಿದ್ದ ಅವರು ತಲೆ ಎತ್ತಲಿಲ್ಲ.

"ಪಂಡಿತರ, ನಾಳೆ ಅವರು ಬಂದು ಬಾಗಲಾ ಬಡದರ ಏನಂತೀರಿ? ನಿಮಗ ಪಿಂಡಾ ಇಟ್ಟೀವಿ, ಒಳಗ ಬರಬ್ಯಾಡ್ರಿ ಅಂತೀರೇನು?"

"ಅದಕ್ಕೂ ಶಾಸ್ತ್ರದಾಗ ವಿಧಿ ಅದ, ವೈನಿ."

"ಇರವಲ್ದ್ಯಾಕ. ವಿಧಿ ನೀವ ಇಟಗೋರಿ, ಅವರನ್ನ ನನಗ ಬಿಡ್ರಿ."

ವೈನಿ ಬನಹಟ್ಟಿಯಲ್ಲಿ ಶಿಕ್ಷಕಿಯಾಗಿ ನಿವೃತ್ತರಾದರು. ಹಣೆಯ ಕುಂಕುಮ ಅಳಿಸಲಿಲ್ಲ. ನಾನು ಊರಿನ ಪಿತೃಗಳಿಗೆಲ್ಲ ತರ್ಪಣ ಬಿಡಿಸಿದೆ. ಅಣ್ಣನಿಗೆ ಮಾತ್ರ ಹನಿ ನೀರು ಬಿಡಲಾಗಲಿಲ್ಲ. ಬೇರೆಯವರಿಗೆ ಇದು ಸಣ್ಣ ಮಾತಾದೀತು. ನನಗೆ, ಅವನು ಎಲ್ಲೋ ಬಾಯಾರಿ ನಿಂತಿದ್ದಾನೆಂಬ ಭಾವನೆ ಪ್ರತಿ ಊಟದಲ್ಲೂ ನೀರಿನ ಲೋಟ ಎತ್ತುವಾಗ ಬರುತ್ತಿತ್ತು. ವರ್ಷಕ್ಕೊಮ್ಮೆ ನಾನು ಕೇಳುವುದು, "ಮುಂದಿನ ವರ್ಷ ನೋಡೂಣು" ಎಂದು ಅವರು ಹೇಳುವುದು ನಮ್ಮ ಮನೆಯ ವ್ರತವಾಯಿತು.

ಈ ವರ್ಷ ಅವರೇ ಕರೆದರು.

"ಪಂಡಿತರ, ನಿಮ್ಮ ಮೊಣಕಾಲಂತೂ ಹೋದೂವು. ನಿಮ್ಮ ಹಿಂದ ಇದನ್ನೆಲ್ಲಾ ಮಾಡಾವ್ರು ಯಾರೂ ಇಲ್ಲ. ಈ ಸಲ ಮಾಡಿಬಿಡ್ರಿ."

"ಖರೇನ, ವೈನಿ?"

"ಖರೇ. ನಾ ಕಾಯೂದು ಕಾಯ್ತೀನಿ. ಅಲ್ಲೀತನಕಾ ಅವರ್ಯಾಕ ಉಪಾಸ ಇರಬೇಕು? ಕುಂಕುಮದ ಸುದ್ದಿಗೆ ಮಾತ್ರ ಬರಬ್ಯಾಡ್ರಿ."

ಈ ಎರಡು ಮಾತು ಒಂದೇ ಬಾಯಲ್ಲಿ ಹೇಗೆ ನಿಲ್ಲುತ್ತವೆಂದು ವಾದ ಹೂಡಬಹುದಿತ್ತು. ಎಪ್ಪತ್ತೈದರ ಈ ವಯಸ್ಸಿನಲ್ಲಿ ಮೊದಲ ಬಾರಿ ವಾದ ಬಿಟ್ಟು, ಶ್ರಾದ್ಧವಿಧಿಯ ಪುಸ್ತಕ ತೆಗೆಯಲು ಎದ್ದೆ.

ದೇಹ ಸಿಗದವರಿಗೆ ಮೊದಲು ಆಗಬೇಕಾದ ವಿಧಿಗಳನ್ನು ಗಲಗಲಿಯ ಹೊಳೆಯ ದಂಡೆಯಲ್ಲಿ ಪುರೋಹಿತರ ಕೈಯಿಂದಲೇ ಮಾಡಿಸಿ, ಚತುರ್ದಶಿಯಂದು ಮನೆಯಲ್ಲಿ ದರ್ಭೆ ಹಿಡಿದು ಕುಳಿತೆ. ನೂರಾರು ಜನರಿಗೆ ಹೇಳಿಕೊಟ್ಟ ಮಂತ್ರ ಸರಾಗವಾಗಿ ಹರಿದು, ಹೆಸರಿನ ಹತ್ತಿರ ಬಂದು ನಿಂತಿತು. ಗೋತ್ರ ಹೇಳಿದೆ, ಹೆಸರು ಬರಲಿಲ್ಲ. ಮತ್ತೆ ಗೋತ್ರ ಹೇಳಿದೆ. ಪುರೋಹಿತರು ನನ್ನ ಮುಖ ನೋಡಿದರು. ಮರೆತಿರಲಿಲ್ಲ. ಹೇಳಿದರೆ ಅವನು ಸತ್ತುಬಿಡುತ್ತಾನೆ ಎಂಬುದು, ಇಷ್ಟು ವರ್ಷ ವೈನಿಗೆ ಗೊತ್ತಿದ್ದದ್ದು, ನನಗೆ ಆಗ ಗೊತ್ತಾಯಿತು. ಅಂಗೈಯ ಎಳ್ಳುನೀರು ಬೆರಳಸಂದಿಯಲ್ಲಿ ಸೋರತೊಡಗಿತು.

ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗಂಡನ ಹೆಸರನ್ನು ಹೆಂಡತಿ ಉಚ್ಚರಿಸಬಾರದೆಂಬುದು ಅವರು ಬೆಳೆದ ನಿಯಮ. ಕಚೇರಿಯವರು ಕೇಳಿದಾಗಲೂ ಬರೆದು ತೋರಿಸಿದವರೇ ಹೊರತು ಹೇಳಿದವರಲ್ಲ.

"ವಾಮನ" ಎಂದರು, ತರಗತಿಯಲ್ಲಿ ಹಾಜರಿ ಕರೆಯುವಷ್ಟು ಗಟ್ಟಿಯಾಗಿ. ಆಮೇಲೆ ಮೆಲ್ಲಗೆ, "ವಾಮನ ಅಂತ ಹೇಳ್ರಿ, ಪಂಡಿತರ. ನೀರು ಸೋರಾಕತ್ತದ."

ಹೇಳಿದೆ. ನೀರು ಬಿಟ್ಟೆ.

ಅಂದು ಅಡುಗೆ ಮಾಡಿದವರಿಗೆ, ಉಂಡವರಿಗೆ, ತಡೆದ ಮಂತ್ರಕ್ಕಾಗಿ ಕಾದ ಪುರೋಹಿತರಿಗೆ, ಅಣ್ಣನ ಜತೆ ಆ ವಿಮಾನದಲ್ಲಿದ್ದು ನನಗೆ ಹೆಸರು ತಿಳಿಯದ ಎಲ್ಲರಿಗೆ, ಅವರ ಹಾದಿಯನ್ನು ಯಾವುದೋ ಊರಿನಲ್ಲಿ ಇನ್ನೂ ನೋಡುತ್ತಿರುವವರಿಗೆ, ಶ್ರೀಹರಿ ಒಳಿತು ಮಾಡಲಿ.