ತಂಗಿ ಕೇಳಿಟ್ಟು ಹೋದ ಪ್ರಶ್ನೆ

ತಂಗಿ ತೀರಿಕೊಂಡ ಮೇಲೆ ಅವಳ ಫೋಟೊ, ದನಿ ಉಳಿದಿದ್ದು ಮನೆ ಕಂಪ್ಯೂಟರಿನೊಳಗೆ ಮಾತ್ರ. ಪಾಸ್‌ವರ್ಡನ್ನು ಅವ್ವನಿಗೆ ಹೇಳಿದ್ದಳಂತೆ, ಅವ್ವ ಮರೆತಿದ್ದಳು. ಮಳವಳ್ಳಿಯ ರಿಪೇರಿ ಅಂಗಡಿಗೆ ಹೊತ್ತೊಯ್ದೆವು.

ಅಂಗಡಿಯವರು ಏನೋ ಒಂದು ಒತ್ತಿ ತಪ್ಪಾದಾಗ ತಂಗಿ ಬರೆದಿಟ್ಟ ಪಾಸ್‌ವರ್ಡಿನ ಸುಳಿವು ಪರದೆ ಮೇಲೆ ಮೂಡಿತು: "ಅಣ್ಣ ಈಗ ಯಾವ ಊರಲ್ಲವ್ನೆ?"

"ನೀನೇ ಹೇಳಪ್ಪ, ಎಲ್ಲಿದ್ದೆ?" ಅಂದರು ಅಂಗಡಿಯ ರಫೀಕಣ್ಣ.

ಲಾರಿ ಹತ್ತಿ ಅಲೆದ ಊರುಗಳನ್ನೆಲ್ಲ ಒತ್ತಿಸಿದೆ. ಹುಬ್ಬಳ್ಳಿಯಲ್ಲ, ಸೂರತ್ತೂ ಅಲ್ಲ.

"ನಮ್ ಕೊಪ್ಪ ಅಂತ ಒತ್ಸು ಕಣ್ಲಾ. ಅಣ್ಣ ಇವತ್ತು ಬತ್ತಾನೆ, ನಾಳೆ ಬತ್ತಾನೆ ಅಂತಿದ್ಲು," ಅಂದಳು ಅವ್ವ. ನಮ್ಮೂರ ಹೆಸರಿಗೂ ಅದು ತೆರೆಯಲಿಲ್ಲ.

"ಒಳಗಿರೋದೆಲ್ಲ ಅಳಿಸಿದ್ರೆ ಮಾತ್ರ ಓಪನ್ ಆಗುತ್ತೆ ಕಣಮ್ಮ," ಅಂದರು ರಫೀಕಣ್ಣ.

"ಅವಳ್ನ ಒಂದ್ಸಲ ಮಣ್ಣು ಮಾಡಿದ್ದು ಸಾಕು ಬುಡಪ್ಪ," ಅಂತ ಅವ್ವ ಎದ್ದಳು.

ಈಗ ನಾನು ಮನೆಯಲ್ಲೇ ಇದ್ದೀನಿ. ದಿನಾ ಆನ್ ಮಾಡಿ ನಮ್ಮೂರ ಹೆಸರನ್ನೇ ಒತ್ತುತ್ತೀನಿ. ಆ ಪೆಟ್ಟಿಗೆ ಮಾತ್ರ ನಂಬೋದಿಲ್ಲ.