ಹದಿಮೂರು ತೊಲ ಹಿಟ್ಟು

ಪೊಟ್ಟಣ ಕತ್ತರಿಸಿದ ಕೂಡಲೇ ಒಣಮೀನಿನಂಥ ವಾಸನೆ ಅಡಿಗೆಮನೆಯಲ್ಲೆಲ್ಲ ಹಬ್ಬಿತು. ಸೊಸೆ ಹೊಸದಾಗಿ ತಂದ ನಾಯಿಗೆ ಅಂಗಡಿಯ ತಿಂಡಿ. ನಾಯಿ ಮೊಣಕಾಲುದ್ದವೂ ಇಲ್ಲ, ಆದರೆ ಪೂರ್ತಿ ಬೆಳೆದದ್ದಂತೆ. ಇಷ್ಟು ತೂಕದ ನಾಯಿಗೆ ಇಷ್ಟು ಗ್ರಾಂ ಎಂದು ಪೊಟ್ಟಣದ ಹಿಂದೆ ಪಟ್ಟಿ ಹಾಕಿದ್ದಾರೆ. ಅವಳು ಅದನ್ನು ಓದಿಕೊಂಡು, ಮೈದಾ ತೂಗುವ ಪುಟ್ಟ ಯಂತ್ರದ ಮೇಲೆ ಬಟ್ಟಲಿಟ್ಟು, ನಾಲ್ಕು ಕಾಳು ಹೆಚ್ಚಾಯಿತೆಂದು ನಾಲ್ಕು ಕಾಳು ತೆಗೆದಳು. ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಐವತ್ತು ವರ್ಷಕ್ಕೂ ಹಿಂದಿನ ಸಿಟ್ಟು...

ನಾಗಮಂಗಲದಲ್ಲಿ ನಮ್ಮ ತವರುಮನೆಯ ಎದುರಿಗೆ ಒಬ್ಬ ಅಕ್ಕಸಾಲಿಗರಿದ್ದರು. ಬೀದಿಗೆಲ್ಲ ಅವರು ‘ಆಚಾರ್ರು’. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಕುಲುಮೆ, ಒಂದು ಸಣ್ಣ ನಾಯಿ, ಅಷ್ಟೇ ಸಂಸಾರ. ಈಗ ಮರ್ಯಾದೆ ಕೊಟ್ಟು ‘ಅವರು’ ಎಂದು ಬರೆಯುತ್ತಿದ್ದೇನೆ. ಆಗ ನನ್ನ ಮನಸ್ಸಿನೊಳಗೆ ಬರೀ ಏಕವಚನ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರಲ್ಲ, ಆ ಗಾದೆ ಇವರ ಮಟ್ಟಿಗೆ ಶುದ್ಧ ಸುಳ್ಳು. ತೂಕದಲ್ಲಿ ಒಂದು ಗುಲಗಂಜಿ ಆಚೀಚೆ ಮಾಡಿದವರಲ್ಲ, ಮಾತಿನಲ್ಲೂ ಅಷ್ಟೇ. ಸ್ವಲ್ಪ ಆಚೀಚೆ ಮಾಡುವ ಮನುಷ್ಯನಾಗಿದ್ದರೆ ನನ್ನ ಬದುಕಿಗೆ ಒಳ್ಳೆಯದಾಗುತ್ತಿತ್ತು.

ನಮ್ಮಪ್ಪನ ಕಾಯಿಲೆಗೆ ಅಮ್ಮನ ಚಿನ್ನದ ಸರ ಕರಗಿಹೋಗಿತ್ತು. ಅಪ್ಪನೂ ಉಳಿಯಲಿಲ್ಲ. ಅಮ್ಮ ಮೈಸೂರಿನಿಂದ ಒಂದು ಗಿಲೀಟಿನ ಸರ ತಂದು ಅದೇ ಪೆಟ್ಟಿಗೆಯಲ್ಲಿಟ್ಟಳು. ಬೀದಿಗೆಲ್ಲ ಗೊತ್ತಿದ್ದ ಗುಟ್ಟು ಅದು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಜನ ನಾವು. ಮುಂದೆ ಅರಕೆರೆ ಕಡೆಯ ಒಂದು ಸಂಬಂಧ ನನಗೆ ಕೂಡಿಬಂತು. ಮಾತುಕತೆಯ ದಿನ ತಟ್ಟೆಯಲ್ಲಿಟ್ಟಿದ್ದ ಆ ಸರವನ್ನು ಗಂಡಿನ ಸೋದರತ್ತೆ ಎತ್ತಿಕೊಂಡರು. ಕೊಂಡಿ ಸಡಿಲವಾಗಿದೆ, ಬಿಗಿ ಮಾಡಿಸಿ ತರುತ್ತೇನೆ ಎಂದು ನೆಟ್ಟಗೆ ಎದುರುಮನೆಗೆ ಹೋದರು. ನಾವು ಬಾಗಿಲಿಗೆ ಬಂದು ನಿಂತೆವು.

ಆಚಾರ್ರು ಸರವನ್ನು ಒರೆಗಲ್ಲಿಗೆ ಉಜ್ಜಿದರು. ಉಜ್ಜದೆಯೂ ಅವರಿಗೆ ಗೊತ್ತಿತ್ತು. ತಲೆಯೆತ್ತಿ ನಮ್ಮ ಬಾಗಿಲ ಕಡೆ ಒಂದು ಸಲ ನೋಡಿದರು.

“ಗಿಲೀಟು ಕಣವ್ವ,” ಎಂದರು.

ಎರಡೇ ಮಾತು. ಹೊತ್ತು ಮುಳುಗುವುದರೊಳಗೆ ಬೀಗರಾಗಬೇಕಿದ್ದವರು ಬಸ್ಸು ಹತ್ತಿದ್ದರು. ಆ ಗಂಡನ್ನು ನಾನು ಕಂಡಿದ್ದು ಒಂದೇ ಸಲ, ಅದಕ್ಕೇನೂ ನಾನು ಅಳಲಿಲ್ಲ. ಆದರೆ ಅಮ್ಮ ಒಂದು ವರ್ಷ ಬೀದಿಯ ಬಾವಿಗೆ ನೀರಿಗೆ ಹೋಗಲಿಲ್ಲ. ನಾನು ಎರಡೂ ಕೊಡ ಹೊತ್ತು ಆ ಮನೆಯ ಮುಂದೆ ಹಾಯುವಾಗಲೆಲ್ಲ ನಿನ್ನ ಬಾಯಿಗೆ ಮಣ್ಣು ಹಾಕ ಎಂದು ಒಳಗೊಳಗೇ ಶಪಿಸುತ್ತಿದ್ದೆ.

ಶಾಪ ತಟ್ಟಿತೋ ಏನೋ, ಮುಂದಿನ ವರ್ಷವೇ ಸರ್ಕಾರದ ಚಿನ್ನದ ಕಾಯಿದೆ ಬಂತು. ಅಪರಂಜಿಯಲ್ಲಿ ಒಡವೆ ಮಾಡುವ ಹಾಗಿಲ್ಲ, ಬೆರಕೆ ಚಿನ್ನದ ಒಡವೆ ಯಾರಿಗೂ ಬೇಡ. ಅಕ್ಕಸಾಲಿಗಳ ಕುಲುಮೆಗಳು ಆರಿದವು. ಚೆನ್ನಾಗಿ ಆಯಿತು ಎಂದುಕೊಂಡೆ, ಮುಚ್ಚಿಡುವುದೇನು. ತೂಗಲು ಚಿನ್ನವಿಲ್ಲದೆ ಅವರು ನಾಯಿಯ ಹಿಟ್ಟು ತೂಗತೊಡಗಿದರು.

ಬೆಳ್ಳಿ ತೂಗುವ ತಕ್ಕಡಿಯ ಒಂದು ತಟ್ಟೆಯಲ್ಲಿ ತೊಲದ ಬಟ್ಟು, ಇನ್ನೊಂದರಲ್ಲಿ ರಾಗಿ ಮುದ್ದೆಯ ತುಂಡು. ಹೆಚ್ಚಾದರೆ ಚಿವುಟಿ ತಮ್ಮ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೀದಿಯವರು ಬಿದ್ದು ಬಿದ್ದು ನಕ್ಕರು. ನಾಯಿಯ ಆಕಾರ ಚಿಕ್ಕದಿದ್ದ ಕಾರಣ ಗೊತ್ತಿಲ್ಲದವರು ಅದನ್ನು ಮರಿಯೆಂದೇ ತಿಳಿದು, ಬೆಳೆಯುವ ಮರಿಯಲ್ಲವೇ ಎಂದು ಬಂದಬಂದವರೆಲ್ಲ ತುತ್ತು ಹಾಕುತ್ತಿದ್ದರು. ಅದಕ್ಕೆ ಆಗಲೇ ನಾಲ್ಕು ತುಂಬಿತ್ತು. ಎಷ್ಟು ಹಾಕಬೇಕೆಂದು ಆಚಾರ್ರು ದನದ ಡಾಕ್ಟರನ್ನು ಕೇಳಿದ್ದರಂತೆ, ಆತ ಒಂದು ಹಿಡಿ ಎಂದನಂತೆ. ಯಾರ ಹಿಡಿ ಎಂದು ಇವರು ಜಗಳ ತೆಗೆದು ಬಂದರಂತೆ. ಆಮೇಲೆ ಬೆಲ್ಲದ ಮಂಡಿಯ ತಕ್ಕಡಿಯಲ್ಲಿ ನಾಯಿಯನ್ನೇ ಕೂರಿಸಿ ತೂಗಿಸಿ, ಎರಡು ತಿಂಗಳು ಹಿಟ್ಟನ್ನು ಹೆಚ್ಚು ಮಾಡಿ, ಕಮ್ಮಿ ಮಾಡಿ, ದಿನಾ ಪಕ್ಕೆ ಸವರಿ ನೋಡಿ ಒಂದು ಅಳತೆಗೆ ಬಂದಿದ್ದರು.

ಕೊನೆಗೆ ಅವರ ಹೊಟ್ಟೆಪಾಡೇ ನಿಂತಿತು. ಪಾಂಡವಪುರದ ಕಡೆ ಒಂದು ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವ ಕೆಲಸಕ್ಕೆ ಹೊರಟರು. ನಾಯಿಯನ್ನು ಎಲ್ಲಿ ಬಿಡುವುದು? ಅದು ಹಗಲೆಲ್ಲ ನಮ್ಮ ಜಗಲಿಯ ಮೇಲೇ ಮಲಗುತ್ತಿತ್ತು. ತಕ್ಕಡಿ ಕೈಯಲ್ಲಿ ಹಿಡಿದು ನನ್ನ ಹತ್ತಿರವೇ ಬಂದರು.

“ಬೆಳಿಗ್ಗೆ ಅದಿಮೂರು ತೊಲ, ಸಂದೆಗೆ ಅದಿಮೂರು ತೊಲ. ಅದು ಮರಿಯಲ್ಲ ಕಣವ್ವ, ಇನ್ನು ಬೆಳೆಯಾಕಿಲ್ಲ. ಪಕ್ಕೆ ಮೂಳೆ ಕೈಗೆ ಸಿಗ್ಬೇಕು, ಕಣ್ಗೆ ಕಾಣ್ಬಾರ್ದು. ಅಷ್ಟ್ ನೋಡ್ಕೊ.”

ಆಗಲಿ ಎಂದೆ. ಅಮ್ಮ ಒಳಗಿನಿಂದ ಕೆಕ್ಕರಿಸಿ ನೋಡಿದಳು. ನನ್ನ ಲೆಕ್ಕಾಚಾರ ಅವಳಿಗೇನು ಗೊತ್ತು? ನನ್ನದೆಂದು ಆಗಬೇಕಿದ್ದ ಒಂದನ್ನು ಇವರು ತಪ್ಪಿಸಿದ್ದರು. ಇವರದೆಂದು ಇರುವ ಒಂದೇ ಒಂದನ್ನು ನಾನು ಕಿತ್ತುಕೊಳ್ಳಬೇಕಿತ್ತು.

ತಕ್ಕಡಿ ಅಟ್ಟ ಸೇರಿತು. ಬೆಳಿಗ್ಗೆ ಮುದ್ದೆಗೆ ಬಸ್ಸಾರು, ಮಧ್ಯಾಹ್ನ ಎಮ್ಮೆಯ ಮೊಸರು ಕಲಸಿದ ಅನ್ನ, ಸಂಜೆ ಮತ್ತೆ ಮುದ್ದೆ, ನಡುನಡುವೆ ಬೆಲ್ಲದ ಚೂರು. ಇಂಥ ಸೇಡನ್ನು ಯಾರಾದರೂ ಸೇಡು ಅಂದಾರೆಯೇ? ನೋಡಿದವರೆಲ್ಲ ಎಂಥ ಒಳ್ಳೆ ಹುಡುಗಿ ಎಂದರು. ಮೊದಮೊದಲು ನಾಯಿ ಹೊತ್ತು ಇಳಿದರೆ ಎದುರುಮನೆಯ ಬೀಗ ಮೂಸಿ ಬರುತ್ತಿತ್ತು. ಎರಡು ತಿಂಗಳಾದ ಮೇಲೆ ಅದೂ ನಿಂತಿತು. ಅದು ನಿಂತ ದಿನ ನಾನು ಹಬ್ಬದ ಹಾಗೆ ಪಾಯಸ ಮಾಡಿದೆ.

ಆಲೆಯ ಕೆಲಸ ಮುಗಿದು ಆಚಾರ್ರು ಬಂದರು. ಬನಿಯನ್ನಿನ ತೂತುಗಳಲ್ಲಿ ಅವರ ಪಕ್ಕೆಯ ಮೂಳೆ ಎಣಿಸಬಹುದಿತ್ತು. ಮುಂಗೈ ತುಂಬ ಸುಟ್ಟ ಕಲೆ. ಮನೆಯ ಬೀಗ ತೆಗೆಯುವುದಕ್ಕೆ ಮೊದಲು ನಮ್ಮ ಜಗಲಿಯ ಮುಂದೆ ನಿಂತು ಚ್ಚು ಚ್ಚು ಎಂದು ನಾಯಿಯನ್ನು ಕರೆದರು. ನಾಯಿ ಬಾಲ ಅಲ್ಲಾಡಿಸಿತು. ಏಳಲಿಲ್ಲ. ಇನ್ನೊಂದು ಸಲ ಕರೆದರು. ಅದು ತೆವಳಿಕೊಂಡು ಬಂದು ನನ್ನ ಸೀರೆಯ ನೆರಿಗೆಗೆ ಒತ್ತಿಕೊಂಡು ಮಲಗಿತು.

ಎರಡು ವರ್ಷದಿಂದ ಬಾಯಲ್ಲಿ ಕಾದಿಟ್ಟಿದ್ದ ಮಾತು ಆಡಿದೆ. “ಒರೆ ಅಚ್ಚಿ ನೋಡಿ ಆಚಾರ್ರೆ, ಯಾರ ನಾಯಿ ಅಂತ.”

ಅವರಿಗೆ ಅರ್ಥವಾಯಿತು. ಮುಖ ನೋಡಿದರೆ ಗೊತ್ತಾಯಿತು. ಕುಕ್ಕರುಗಾಲಲ್ಲಿ ಕೂತು ಅದರ ಪಕ್ಕೆ ಸವರಿದರು, ಬೆರಳೊತ್ತಿ ಹುಡುಕಿದರು. ಮೂಳೆ ಸಿಗಲಿಲ್ಲ.

“ನಿಂದೇ ಕಣವ್ವ,” ಎಂದು ಎದ್ದು ಹೋದರು.

ಆವತ್ತು ಉಂಡ ಊಟದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ. ಆದರೂ ಅವರು ಬೈಯಲಿಲ್ಲವೆಂಬ ಕೊರತೆ ಉಳಿಯಿತು. ಆ ಹಟಕ್ಕೆ ನಾಯಿಗೆ ಇನ್ನೂ ಹೆಚ್ಚು ಹಾಕಿದೆ. ಅವರಿಗೆ ಕೇಳಿಸುವ ಹಾಗೆ ತಟ್ಟೆ ಕುಕ್ಕಿ ಹಾಕಿದೆ. ಒಂದೆರಡು ಸಲ ಬೀದಿಯಲ್ಲಿ ಎದುರಾದಾಗ, ತೂಕ ಇಳಿಸವ್ವ, ಬೇಸಿಗೆ ಬತ್ತಾ ಅದೆ ಎಂದರು. ನನ್ನ ನಾಯಿ, ನನ್ನ ಹಿಟ್ಟು ಎಂದು ಮುಖ ತಿರುಗಿಸಿಕೊಂಡು ಹೋದೆ.

ಬೇಸಿಗೆ ಬಂತು. ನಾಯಿಗೆ ಜಗಲಿಯ ಎರಡು ಮೆಟ್ಟಿಲೂ ಹತ್ತಲಾಗಲಿಲ್ಲ. ಒಂದು ಮಧ್ಯಾಹ್ನ ಕುಲುಮೆಯ ತಿದಿಯೊತ್ತಿದ ಹಾಗೆ ಉಸಿರಾಡುತ್ತ ಆಡುತ್ತ... ನೀರು ತರುವುದರೊಳಗೆ ನಿಂತುಹೋಯಿತು. ನಾನು ಕೂಗಿದ್ದು ಬೇರೆ ಯಾರನ್ನೂ ಅಲ್ಲ, ಆಚಾರ್ರನ್ನೇ.

ಅವರ ಹಿತ್ತಲಿನಲ್ಲೇ ಗುಂಡಿ ತೋಡಿದರು. ಇಳಿಸುವ ಮುಂಚೆ ಮತ್ತೊಮ್ಮೆ ಪಕ್ಕೆ ಸವರಿದರು. ಮಣ್ಣು ಮುಚ್ಚಿಯಾದ ಮೇಲೆ ನನಗೆ ತಡೆಯಲಾಗಲಿಲ್ಲ.

“ನಾನ್ ಜಾಸ್ತಿ ಆಕಿದ್ಕೇ ಓಯ್ತಾ ಆಚಾರ್ರೆ?”

ಹೌದು ಎನ್ನಲಿ ಎಂದು ಕಾದೆ. ಅಂದರೆ ನಾನೂ ಅಂದುಬಿಡುತ್ತಿದ್ದೆ, ಅಮ್ಮನ ಬಾವಿ, ನನ್ನ ಸಂಬಂಧ, ಎಲ್ಲವನ್ನೂ ಅಲ್ಲೇ ಕಾರಿಕೊಳ್ಳುತ್ತಿದ್ದೆ. ಅವರು ಕೈಯ ಮಣ್ಣು ಒರೆಸಿಕೊಂಡರು.

“ಇಲ್ಲ ಕಣವ್ವ. ಅದಕ್ಕೆ ವಯಸ್ಸಾಗಿತ್ತು.”

ಅದಕ್ಕೆ ಐದು ವರ್ಷ. ಕಣ್ಣು ಬಿಡದ ಮರಿಯಾಗಿದ್ದಾಗ ಅದನ್ನು ಮಡಿಲಲ್ಲಿ ಹಿಡಿದವಳು ನಾನು. ಅದು ಅವರಿಗೂ ಗೊತ್ತಿತ್ತು. ಜೀವಮಾನದಲ್ಲಿ ಸುಳ್ಳಾಡದ ಮನುಷ್ಯ ನನಗಾಗಿ ಒಂದು ಸುಳ್ಳು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೇಳಲಿಕ್ಕೆ ಬರುತ್ತಿತ್ತಲ್ಲ, ಪಾಪಿ! ಹಾಗಾದರೆ ಅಂದೇ ಯಾಕೆ ಹೇಳಲಿಲ್ಲ?

ಮರುವರ್ಷ ನನಗೆ ಮದುವೆಯಾಯಿತು, ಪಾಂಡವಪುರಕ್ಕೆ ಬಂದೆ. ಆಚಾರ್ರು ತೀರಿಹೋದ ಸುದ್ದಿ ಯಾರೋ ಬೇರೇನೋ ಮಾತಿನ ನಡುವೆ ಹೇಳಿದರು. ಆ ದಿನ ಒಲೆ ಹಚ್ಚಲಿಲ್ಲ, ಮೈ ಸರಿಯಿಲ್ಲ ಎಂದು ಮಲಗಿದೆ. ಸಿಟ್ಟು ಮಾಡಿಕೊಳ್ಳಲಿಕ್ಕೂ ಆ ಕಡೆ ಒಬ್ಬ ಮನುಷ್ಯ ಇರಬೇಕು...

ಸೊಸೆ ಬಟ್ಟಲನ್ನು ನೆಲಕ್ಕಿಟ್ಟಳು. ಪುಟ್ಟ ನಾಯಿ ತಿನ್ನುವುದನ್ನು ನಾನು ಹಾಗೆ ನೋಡುತ್ತ ನಿಂತದ್ದು ಕಂಡು, “ಅತ್ತೆ, ನೀವೂ ಯಾವತ್ತಾದ್ರೂ ನಾಯಿ ಸಾಕಿದ್ರಾ?” ಎಂದು ಕೇಳಿದಳು.

ಇಲ್ಲ ಎಂದೆ.